ಕಾಳಿಯ ದಂಡೆಯಲ್ಲಿ ಕೃತಕ ಮಳೆ



ಜೋಯಿಡಾ ತಾಲೂಕಿಗೆ ಬೇರೆ ಯಾವ ಕೊರತೆಯಿದ್ದರೂ ಮಳೆಯ ಕೊರತೆಯಂತೂ ಇಲ್ಲ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೂ ಬಿಡದೆ ಹೊಡೆಯುತ್ತದೆ. ಕ್ಯಾಸಲ್‌ರಾಕ್, ಅಣಶಿಯ ಕಡೆಯ ಮಕ್ಕಳು ಕಂಬಳಿಕೊಪ್ಪೆ ಹೊದ್ದು, ಹಳ್ಳದ ನೀರು ಇಳಿಯುವುದನ್ನು ಕಾದು ಶಾಲೆಗೆ ಬರುತ್ತಿದ್ದುದನ್ನು ನಮ್ಮ ತಲೆಮಾರಿನ ಶಿಕ್ಷಕರೆಲ್ಲರೂ ಕಂಡಿದ್ದೇವೆ. ಅದೇ ನೆಲದಲ್ಲಿ ಈಗ ಕೊಳವೆಗಳಿಗೆ ತೂತು ಕೊರೆದು, ಪಂಪಿನಿಂದ ನೀರು ಸುರಿಸಿ, ಅದರ ಕೆಳಗೆ ಧ್ವನಿವರ್ಧಕದ ಅಬ್ಬರಕ್ಕೆ ಜನರನ್ನು ಕುಣಿಸಿ, ಅದಕ್ಕೆ ‘ರೇನ್ ಡ್ಯಾನ್ಸ್’ ಎಂದು ಹೆಸರಿಟ್ಟು ಹಣ ಎಣಿಸಲಾಗುತ್ತಿದೆ. ಹೀಗೆ ಮಾಡುವ ತಾಣಗಳು ತಮ್ಮನ್ನು ಕರೆದುಕೊಳ್ಳುವುದು ‘ಜಂಗಲ್ ಕ್ಯಾಂಪ್’ ಎಂದು! ಕುಣಿತಕ್ಕೆ ನನ್ನ ಆಕ್ಷೇಪವಿಲ್ಲ. ಆ ಹೆಸರಿಗೆ ಇದೆ. ಆ ಸ್ಥಳಕ್ಕೆ ಇದೆ.

ಬೆಂಗಳೂರಿನ ಹತ್ತಿರ ಬಿಡದಿಯಲ್ಲಿ 2005ರಲ್ಲಿ ವಂಡರ್‌ಲಾ ಎಂಬ ಮನರಂಜನಾ ಉದ್ಯಾನ ತೆರೆಯಿತು. ಅಲ್ಲಿ ಜಾರುಬಂಡೆ, ತಿರುಗುತೊಟ್ಟಿಲು, ಕೃತಕ ಅಲೆ, ಕೃತಕ ಮಳೆ ಎಲ್ಲವೂ ಇವೆ. ಹೆದ್ದಾರಿಯ ಪಕ್ಕದ ಆ ಜಾಗದಲ್ಲಿ ಅದು ತಾನು ಆಟದ ತೋಟವೆಂದೇ ಹೇಳಿಕೊಂಡು ಟಿಕೆಟ್ ಮಾರುತ್ತದೆ. ಅದರ ಮೇಲೆ ನನಗೆ ಯಾವ ಜಗಳವೂ ಇಲ್ಲ. ದಾಂಡೇಲಿಯಿಂದ ಗಣೇಶಗುಡಿ, ಜೋಯಿಡಾದವರೆಗೆ ಹಬ್ಬಿರುವ ರೆಸಾರ್ಟುಗಳಲ್ಲಿ ಅನೇಕವು ಅದೇ ಸರಕನ್ನು ಕಾಡಿನ ಹೆಸರಿನಲ್ಲಿ ಮಾರುತ್ತಿವೆ ಎಂಬುದೇ ನನ್ನ ದೂರು. ಕಾಡು ಅಲ್ಲಿ ನಾಟಕದ ಹಿಂದಿನ ಪರದೆ ಮಾತ್ರ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ನಿಮ್ಮಲ್ಲೇ ಒಂದು ಬಳಗದವರು ಗುರುವಂದನೆಯನ್ನು ಇಂಥ ಒಂದು ‘ಟೆಂಟ್ ಕ್ಯಾಂಪ್’ನಲ್ಲಿ ಏರ್ಪಡಿಸುವ ಯೋಚನೆಯಿಂದ ನನಗೆ ಅದರ ಕರಪತ್ರವನ್ನು ಕಳಿಸಿದ್ದರು. ಪ್ರೀತಿಗೆ ನಾನು ಋಣಿ. ಆದರೆ ಕರಪತ್ರವನ್ನು ಮಾಸ್ತರನ ಕಣ್ಣಿನಿಂದಲೇ ಓದಿದೆ. ಬಂದೊಡನೆ ಶರಬತ್ತು, ಊಟ, ಈಜುಕೊಳ, ಜಿಪ್‌ಲೈನ್, ಸಂಜೆ ಕೃತಕ ಮಳೆ, ರಾತ್ರಿ ಡಿಜೆ, ಬೆಂಕಿಯ ಸುತ್ತ ಕುಣಿತ. ಮರುದಿನ ಬೆಳಿಗ್ಗೆ ಅರ್ಧ ಗಂಟೆ ಪಕ್ಷಿವೀಕ್ಷಣೆ. ಅದರ ಮುಂದೆ ಕಂಸದಲ್ಲಿ ‘ಇಚ್ಛೆಯುಳ್ಳವರಿಗೆ’. ರಾತ್ರಿ ಡಿಜೆ ಕೇಳಿದ ಕಾಡಿನಲ್ಲಿ ಬೆಳಿಗ್ಗೆ ಪಕ್ಷಿಗಳು ಇಚ್ಛೆಪಟ್ಟು ಬರುತ್ತವೆಯೇ ಎಂದು ಕರಪತ್ರ ಹೇಳಿರಲಿಲ್ಲ. ನಾನು ಬರಲಾರೆನೆಂದು ಬರೆದೆ. ನಮ್ಮ ಶಾಲೆಯ ಹಳೆಯ ಸಭಾಂಗಣದಲ್ಲಿ ಸೇರೋಣವೆಂದೂ ಬರೆದೆ. ಬಳಗದವರು ಒಪ್ಪಿದ್ದಾರೆ. ಆದರೆ ಬೇರೆ ಶಾಲೆಗಳು ತಮ್ಮ ಮಕ್ಕಳನ್ನು ‘ನಿಸರ್ಗ ಶಿಬಿರ’ ಎಂದು ಕರೆದು ಇಂಥಲ್ಲಿಗೇ ಬಸ್ಸುಗಳಲ್ಲಿ ತುಂಬಿ ತರುತ್ತಿರುವುದರಿಂದ ವಿಷಯ ಅಲ್ಲಿಗೇ ಮುಗಿಯಲಿಲ್ಲ.

ವ್ಯಾಕರಣ ಕಲಿಸಿದವನು ಶಬ್ದದಿಂದಲೇ ಆರಂಭಿಸಬೇಕು. ಕೆಡು ಎಂಬುದರಿಂದ ಕೇಡು, ಪಡು ಎಂಬುದರಿಂದ ಪಾಡು ಆದಂತೆ ಬಿಡು ಎಂಬುದರಿಂದ ಬೀಡು ಆಯಿತು. ಬಿಡಾರವೂ ಅದೇ ಕುಟುಂಬದ್ದು. ಬಿಡಾರವನ್ನು ಹೂಡುತ್ತೇವೆ, ಕೀಳುತ್ತೇವೆ. ಕೀಳುವುದು ಎಂಬ ಕ್ರಿಯೆ ಆ ಪದದ ಹೊಟ್ಟೆಯಲ್ಲೇ ಇದೆ. ಈಗಿನ ಕ್ಯಾಂಪುಗಳನ್ನು ಹೋಗಿ ನೋಡಿ: ಕಾಂಕ್ರೀಟಿನ ಕಟ್ಟೆ, ಅದರ ಮೇಲೆ ಕಬ್ಬಿಣದ ಚೌಕಟ್ಟು, ಅದಕ್ಕೆ ಬಿಗಿದ ಬಟ್ಟೆ, ಹಿಂದುಗಡೆ ಇಟ್ಟಿಗೆ ಗೋಡೆಯ ಸ್ನಾನದ ಮನೆ, ನೆಲದಡಿಯಲ್ಲಿ ಶೌಚದ ಗುಂಡಿ. ಮೇಲಿನ ಬಟ್ಟೆಯನ್ನು ಕಿತ್ತರೂ ಕೆಳಗಿನ ಊರು ಉಳಿಯುತ್ತದೆ. ಇದು ಬಟ್ಟೆಯ ಟೋಪಿ ಹಾಕಿಕೊಂಡ ಲಾಡ್ಜು.

ನಿಜವಾದ ಬಿಡಾರ ಹೇಗಿರುತ್ತದೆಂದು ನಮ್ಮ ನಾಲ್ಕು ತಾಲೂಕುಗಳಿಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಭಾರತ ಹುಣ್ಣಿಮೆಯ ಹೊತ್ತಿಗೆ ಉಳವಿ ಚನ್ನಬಸವೇಶ್ವರನ ಜಾತ್ರೆಗೆ ಧಾರವಾಡ, ಬೆಳಗಾವಿಯ ಬಯಲಿನಿಂದ ಚಕ್ಕಡಿಗಳು ಹೊರಡುತ್ತವೆ. ಹಳಿಯಾಳ, ದಾಂಡೇಲಿ ದಾಟಿ ಕಾಡು ಹೊಕ್ಕು, ಹೊತ್ತು ಮುಳುಗಿದಲ್ಲಿ ಎತ್ತಿನ ಕೊರಳು ಬಿಚ್ಚಿ, ಮೂರು ಕಲ್ಲಿಟ್ಟು ಒಲೆ ಹೂಡುತ್ತಾರೆ. ಕಟ್ಟಿ ತಂದ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿಕೊಳ್ಳುತ್ತವೆ. ಎತ್ತಿಗೆ ಮೇವು ಹಾಕದೆ ಮನುಷ್ಯ ಉಣ್ಣುವುದಿಲ್ಲ. ಚಕ್ಕಡಿಯ ಕೆಳಗೇ ನಿದ್ದೆ. ಬೆಳಕು ಹರಿಯುವ ಮೊದಲು ಬಿಡಾರ ಎದ್ದಿರುತ್ತದೆ. ಉಳಿಯುವುದು ಬೂದಿ, ಸಗಣಿ. ಇತ್ತೀಚಿನ ವರ್ಷಗಳಲ್ಲಿ ಪ್ಲಾಸ್ಟಿಕ್ ಕೂಡ ಉಳಿಯುತ್ತಿದೆ, ಅದನ್ನು ಮುಚ್ಚಿಡಲಾರೆ. ಭಕ್ತಿ ಇದ್ದ ಮಾತ್ರಕ್ಕೆ ಕಸ ಪವಿತ್ರವಾಗುವುದಿಲ್ಲ. ಆದರೂ ಅವರ ಬಿಡಾರ ನಡೆಯುವ ಬಿಡಾರ.

ಎಮ್ಮೆಗಳ ಹಿಂದೆ ಹುಲ್ಲು ನೀರು ಹುಡುಕಿ ಬಂದ ಗೌಳಿಗರ ದಡ್ಡಿಗಳು ಹಳಿಯಾಳ, ಮುಂಡಗೋಡಗಳ ಕಾಡಂಚಿನಲ್ಲಿವೆ. 1966ರಲ್ಲಿ ಮುಂಡಗೋಡದಲ್ಲಿ ಟಿಬೆಟಿನ ನಿರಾಶ್ರಿತರಿಗೆ ನೆಲೆ ಕೊಟ್ಟರು. ಇಂದು ಅಲ್ಲಿ ಡ್ರೆಪುಂಗ್, ಗಾಂದೆನ್ ಮಠಗಳ ದೊಡ್ಡ ದೊಡ್ಡ ಪ್ರಾರ್ಥನಾ ಮಂದಿರಗಳಿವೆ, ಗಟ್ಟಿ ಮನೆಗಳಿವೆ, ಮೆಕ್ಕೆಜೋಳದ ಹೊಲಗಳಿವೆ. ಆದರೆ ವಸತಿಗಳ ಹೆಸರು ಇಂದಿಗೂ ‘ಒಂದನೆಯ ಕ್ಯಾಂಪು’, ‘ಎರಡನೆಯ ಕ್ಯಾಂಪು’. ಆರು ದಶಕ ಕಳೆದರೂ ಆ ಹೆಸರನ್ನು ಅವರು ಅಳಿಸಿಲ್ಲ. ಮರಳಿ ಹೋಗುವ ಆಸೆ ಆ ಒಂದು ಶಬ್ದದಲ್ಲಿ ಉಳಿದಿದೆ ಎಂದು ನನಗೆ ತೋರುತ್ತದೆ. ಬಿಡಾರವೆಂಬ ಮಾತಿಗೆ ಇಷ್ಟು ತೂಕವಿರುವ ಸೀಮೆಯಲ್ಲಿ ಅದನ್ನು ಈಜುಕೊಳದ ಪಕ್ಕದ ಬಟ್ಟೆಯ ಕೋಣೆಗೆ ಅಂಟಿಸುವುದನ್ನು ಕಂಡರೆ ಸಿಟ್ಟು ಬರುತ್ತದೆ.

ಇನ್ನು ನದಿಯ ಮಾತು. ಪ್ರವಾಸಿಗರಿಗೆ ಗಣೇಶಗುಡಿಯ ರಾಫ್ಟಿಂಗ್ ಎಂದರೆ ‘ಕಾಡುನದಿಯ ರಭಸ’. ವಾಸ್ತವವಾಗಿ ಅದು ಸೂಪಾ ಅಣೆಕಟ್ಟಿನ ವಿದ್ಯುದಾಗಾರ ಬಿಟ್ಟ ನೀರು. ಯಂತ್ರ ತಿರುಗಿದರೆ ಹೊಳೆ ಏರುತ್ತದೆ. ಯಂತ್ರ ನಿಂತರೆ ಬಂಡೆಗಳು ಮೇಲೇಳುತ್ತವೆ. ಡಿಗ್ಗಿಯಲ್ಲಿ ಹುಟ್ಟಿ ಸದಾಶಿವಗಡದ ಬಳಿ ಕಡಲು ಸೇರುವ ಸುಮಾರು 184 ಕಿಲೋಮೀಟರಿನ ಕಾಳಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಒಂದರ ಹಿಂದೊಂದು ಕಟ್ಟೆಗಳಿವೆ. 101 ಮೀಟರ್ ಎತ್ತರದ ಸೂಪಾ ಕಟ್ಟೆಯ ಹಿಂದೆ, ಕಾಳಿ ಮತ್ತು ಪಾಂಡರಿಯ ಸಂಗಮದಲ್ಲಿ, ತಾಲೂಕಿನ ಕೇಂದ್ರವಾಗಿದ್ದ ಸೂಪಾ ಎಂಬ ಊರೇ ಮುಳುಗಿದೆ. ಕಚೇರಿಗಳು ಜೋಯಿಡಾಕ್ಕೆ ಹೋದವು, ಮುಳುಗಡೆಯಾದವರಲ್ಲಿ ಬಹಳ ಮಂದಿ ರಾಮನಗರಕ್ಕೆ. ಅಂಗಡಿ, ಕಚೇರಿ, ಗುಡಿ ಇದ್ದ ಊರಿನ ಮೇಲೆ ನಿಂತ ನೀರಿನಿಂದ ಇಳಿದು ಬಂದ ಹೊಳೆಯಲ್ಲಿ ರಬ್ಬರಿನ ದೋಣಿ ಏರಿ ‘ಹೋ’ ಎಂದು ಕೂಗುವ ಮಗುವಿಗೆ ಈ ಸಂಗತಿಯನ್ನು ಯಾರೂ ಹೇಳುವುದಿಲ್ಲ. ಶಾಲೆಯ ಪ್ರವಾಸವೆಂದರೆ ಇದನ್ನು ಹೇಳುವುದಲ್ಲವೇ? 2022ರ ಏಪ್ರಿಲ್‌ನಲ್ಲಿ ಮಿತಿಮೀರಿ ಜನರನ್ನು ತುಂಬಿಕೊಂಡ ದೋಣಿಯೊಂದು ಇಲ್ಲಿ ಸೆಳವಿಗೆ ಸಿಕ್ಕಿ, ಮಕ್ಕಳೂ ಸೇರಿದಂತೆ ಎಲ್ಲರೂ ಅದೃಷ್ಟದಿಂದ ಬದುಕಿ ಬಂದದ್ದು ನಿಮಗೆ ನೆನಪಿರಬಹುದು. ಆಟದ ತೋಟದ ಯಂತ್ರಕ್ಕೆ ಗುಂಡಿ ಒತ್ತಿ ನಿಲ್ಲಿಸುವವನೊಬ್ಬ ಇರುತ್ತಾನೆ. ಇಲ್ಲಿ ನೀರಿನ ಗುಂಡಿ ದೋಣಿ ನಡೆಸುವವನ ಕೈಯಲ್ಲಿ ಇಲ್ಲ.

ನನ್ನ ಮುಖ್ಯ ತಕರಾರು ಸದ್ದಿನ ಮೇಲೆ. 1956ರಲ್ಲಿ ದಾಂಡೇಲಿ ಅಭಯಾರಣ್ಯ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಎರಡನ್ನೂ ಕೂಡಿಸಿ ಹುಲಿ ಸಂರಕ್ಷಿತ ಪ್ರದೇಶ, 2015ರಲ್ಲಿ ಅದಕ್ಕೆ ಕಾಳಿಯ ಹೆಸರು. ಇವಲ್ಲದೆ 2011ರಲ್ಲಿ ದಾಂಡೇಲಿಯ ಸುತ್ತ ಮಂಗಟ್ಟೆ ಹಕ್ಕಿಗಳಿಗೆಂದೇ ಒಂದು ಸಂರಕ್ಷಣಾ ಮೀಸಲು ಪ್ರದೇಶ. ನಾಲ್ಕು ಬಗೆಯ ಮಂಗಟ್ಟೆಗಳು ಇಲ್ಲಿವೆ. ಮೊಟ್ಟೆಯ ಕಾಲ ಬಂದಾಗ ಹೆಣ್ಣು ಹಕ್ಕಿ ಹಳೆಯ ಮರದ ಪೊಟರೆಯೊಳಗೆ ಹೊಕ್ಕು, ಬಾಯಿಯನ್ನು ಮೆತ್ತಿ ಮುಚ್ಚಿಕೊಂಡು, ಕೊಕ್ಕು ಹಿಡಿಯುವಷ್ಟು ಸಂದು ಮಾತ್ರ ಉಳಿಸಿಕೊಳ್ಳುತ್ತದೆ. ವಾರಗಟ್ಟಲೆ ಅದರ ಅನ್ನ ಗಂಡಿನ ಕೊಕ್ಕಿನಲ್ಲಿ. ಅತ್ತಿ, ಆಲದ ಹಣ್ಣು ತರುವ ಆ ಗಂಡು ಬೆದರಿ ಹಾದಿ ಬಿಟ್ಟರೆ ಒಳಗಿರುವ ತಾಯಿಗೂ ಮರಿಗೂ ಬೇರೆ ದಿಕ್ಕಿಲ್ಲ. ಈ ಸೆರೆವಾಸದ ಕಾಲ ಯಾವುದು? ಜನವರಿಯ ಕೊನೆಯಿಂದ ಏಪ್ರಿಲ್, ಮೇ ತನಕ. ಪ್ರವಾಸಿಗರ ಸಂತೆ ನೆರೆಯುವುದು ಯಾವಾಗ? ಪರೀಕ್ಷೆ ಮುಗಿದ ಏಪ್ರಿಲ್, ಮೇ ತಿಂಗಳುಗಳಲ್ಲಿ.

ರೆಸಾರ್ಟುಗಳು ಕಾಡಿನ ನಡುವೆ ಇಲ್ಲ, ಅಂಚಿನಲ್ಲಿ, ಮಾಲ್ಕಿ ಜಮೀನಿನಲ್ಲಿವೆ ಎಂದು ಅವುಗಳ ಪರವಾಗಿ ವಾದಿಸುವವರುಂಟು. ಸರಿ; ಜಮೀನಿಗೆ ಬೇಲಿಯುಂಟು, ಡಿಜೆಗೆ ಬೇಲಿಯೆಲ್ಲಿ? ಹುಲಿಯ ನೆಮ್ಮದಿಗಾಗಿ ಒಳಕಾಡಿನ ಕುಣಬಿ ಕುಟುಂಬಗಳಿಗೆ ಊರು ಬಿಟ್ಟು ಹೋಗಲು ಪರಿಹಾರ ತೋರಿಸಲಾಗುತ್ತಿದೆ. ಕುಟುಂಬಕ್ಕೆ 10 ಲಕ್ಷ ರೂಪಾಯಿಯಿದ್ದ ಮೊತ್ತವನ್ನು 2021ರಲ್ಲಿ 15 ಲಕ್ಷಕ್ಕೆ ಏರಿಸಿದರು. ತಲೆತಲಾಂತರದಿಂದ ಗೆಡ್ಡೆಗೆಣಸು ಬೆಳೆದು, ಕಾಡಿಗೆ ಅಂಜಿ ನಡೆದುಕೊಂಡು ಬಂದ ಜನರ ವಾಸ ಹುಲಿಗೆ ತೊಂದರೆ, ವಾರಾಂತ್ಯಕ್ಕೆ ಬಂದವರ ಧ್ವನಿವರ್ಧಕ ಹುಲಿಗೆ ಜೋಗುಳ! ಈ ನ್ಯಾಯವನ್ನು ನಾನು ಯಾವ ಪಠ್ಯಪುಸ್ತಕದಿಂದಲೂ ಮಕ್ಕಳಿಗೆ ವಿವರಿಸಲಾರೆ.

ಈಗ ಪ್ರತಿವಾದಗಳು. ಮೊದಲನೆಯದು ಗಟ್ಟಿಯಾದದ್ದು: ನಮ್ಮ ಹುಡುಗರಿಗೆ ಕೆಲಸ. ನನ್ನ ವಿದ್ಯಾರ್ಥಿಗಳಲ್ಲೇ ಕೆಲವರು ಹೋಂಸ್ಟೇ ನಡೆಸುತ್ತಾರೆ, ದೋಣಿಗೆ ಹುಟ್ಟು ಹಾಕುತ್ತಾರೆ, ಜೀಪು ಓಡಿಸುತ್ತಾರೆ. ಗೋವೆಗೂ ಪುಣೆಗೂ ಕೂಲಿಗೆ ಹೋಗುವುದಕ್ಕಿಂತ ಮನೆಯ ಅಂಗಳದಲ್ಲೇ ಅನ್ನ ಹುಟ್ಟುವುದು ಮೇಲಲ್ಲವೇ ಎಂದು ಅವರು ಕೇಳಿದರೆ ಹೌದು ಎನ್ನುತ್ತೇನೆ. ಆದರೆ ಡಿಜೆಯಿಂದ ಅವರಿಗೆ ದೊರೆತ ಕೆಲಸ ಯಾವುದು? ತಟ್ಟೆ ತೊಳೆಯುವುದು, ವಾಹನ ನಿಲ್ಲಿಸುವುದು. ಯಾವ ಮರದಲ್ಲಿ ಯಾವ ಹಕ್ಕಿ, ಯಾವ ಹೆಜ್ಜೆ ಕಡವೆಯದು, ಯಾವ ಗೆಡ್ಡೆ ಸುಟ್ಟು ತಿನ್ನುವಂಥದ್ದು ಎಂದು ಬಲ್ಲ ಹುಡುಗನ ತಿಳಿವಳಿಕೆಗೆ ಬೆಲೆ ಬರುವುದು ಗದ್ದಲವಿಲ್ಲದಲ್ಲಿ ಮಾತ್ರ. ಗಣೇಶಗುಡಿಯ ‘ಓಲ್ಡ್ ಮ್ಯಾಗಜಿನ್ ಹೌಸ್’ ನೋಡಿ. ಸೂಪಾ ಕಟ್ಟೆ ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಉಗ್ರಾಣ ಅದು. ಈಗ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿ. ಹಕ್ಕಿಗಳಿಗೆ ಇಟ್ಟ ನೀರಿನ ಬೋಗುಣಿಗಳ ಎದುರು ಜನ ಕ್ಯಾಮೆರಾ ಹಿಡಿದು ಗಂಟೆಗಟ್ಟಲೆ ಪಿಟ್ಟೆನ್ನದೆ ಕೂರುತ್ತಾರೆ, ಅದಕ್ಕೇ ಹಣ ಕೊಡುತ್ತಾರೆ. ಸಿಡಿಮದ್ದಿನ ಮನೆಯಲ್ಲಿ ಮೌನ ಮಾರಾಟವಾಗುತ್ತದೆಂದ ಮೇಲೆ ಬೇರೆಡೆ ಏಕಾಗದು?

ಎರಡನೆಯ ವಾದ ವಿದೇಶದಲ್ಲಿರುವ ನಮ್ಮ ಬಂಧುಗಳದು: ‘ಅಮೆರಿಕದಲ್ಲೂ ಹೀಗೇ ಇದೆ, ಮಾವ.’ ಇದೆ. ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ 1971ರಿಂದಲೂ ಫೋರ್ಟ್ ವಿಲ್ಡರ್ನೆಸ್ ಎಂಬ ಬಿಡಾರದ ತಾಣವಿದೆ. ಅದು ಆಟದ ತೋಟದ ಅಂಗ; ಹೋದವರಿಗೆ ಅದು ಗೊತ್ತು. ಅದೇ ದೇಶದ ಯೋಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ಡೇರೆ ಹೊಡೆದು ನೋಡಿ: ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದಿಲ್ಲ, ಕರಡಿಗಳಿರುವುದರಿಂದ ತಿಂಡಿಯನ್ನೆಲ್ಲ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟು ಮುಚ್ಚಲೇಬೇಕು. ಅವರು ಎರಡನ್ನೂ ಇಟ್ಟುಕೊಂಡಿದ್ದಾರೆ, ಬೇರೆ ಬೇರೆ ಇಟ್ಟುಕೊಂಡಿದ್ದಾರೆ. ನಮಗೆ ಕಾನೂನು ಇಲ್ಲವೆಂದಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿವೆ. ಗಂಟೆಗಳೂ ಅವೇ!

ಮಕ್ಕಳು ನಲಿಯಬೇಡವೇ ಎಂಬುದು ಮೂರನೆಯದು. ನಲಿಯಲಿ. ಆದರೆ ಕಾಡಿನಲ್ಲಿ ಮಲಗುವುದು ಆಟವಲ್ಲ. 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿಯ ಬಳಿ ರೆಸಾರ್ಟೊಂದರ ಡೇರೆಯಲ್ಲಿ ತಂಗಿದ್ದ ಯುವತಿಯನ್ನು ಆನೆ ಕೊಂದಿತು. ನಮ್ಮ ಹಳಿಯಾಳ, ಮುಂಡಗೋಡಗಳ ಗದ್ದೆಗೂ ಆನೆ ಇಳಿಯುತ್ತದೆ. ಆಟದ ತೋಟವೆಂದು ನಂಬಿ ಬಂದವರಿಗೆ ಹೆದರಬೇಕಾದಲ್ಲಿ ಹೆದರುವುದು ತಿಳಿಯದು. ಕಾಡು ಮಕ್ಕಳಿಗೆ ಮೊದಲು ಕಲಿಸುವ ಪಾಠವೇ ಅದು, ಡಿಜೆಯವನು ಮೊದಲು ಮರೆಸುವ ಪಾಠವೂ ಅದೇ.

ಮಕ್ಕಳನ್ನು ಕರೆತರಬೇಡಿ ಎಂದು ನಾನು ಹೇಳುತ್ತಿಲ್ಲ. ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’ದಲ್ಲಿ ಸರ್ಕಾರಿ ಶಾಲೆಯ ಮಕ್ಕಳು ಕಾಡು ನೋಡುತ್ತಾರೆ. ದಾಂಡೇಲಿಯ ಹತ್ತಿರದ ಕುಳಗಿಯಲ್ಲಿ ಇಲಾಖೆಯದೇ ನಿಸರ್ಗ ಶಿಬಿರವಿದೆ. ಇಂಥ ಕಡೆ ಸಂಜೆ ಮಾಡುವುದಕ್ಕೆ ಏನೂ ಇಲ್ಲವೆಂದು ಕೆಲವು ಪಾಲಕರು ಗೊಣಗಿದ್ದನ್ನು ಕೇಳಿದ್ದೇನೆ. ಏನೂ ಇಲ್ಲದ ಸಂಜೆಯೊಂದು ಈಗಿನ ಮಗುವಿಗೆ ಬೇರೆಲ್ಲಿ ಸಿಕ್ಕೀತು?

ನಿಮ್ಮಲ್ಲಿ ಈಗ ಮುಖ್ಯಾಧ್ಯಾಪಕರಾದವರಿದ್ದೀರಿ, ಶಾಲಾ ಸಮಿತಿಗಳಲ್ಲಿ ಇರುವವರಿದ್ದೀರಿ. ಈ ವರ್ಷದ ಪ್ರವಾಸಕ್ಕೆ ಮುಂಗಡ ಕಳಿಸುವ ಮೊದಲು ದೂರವಾಣಿಯಲ್ಲಿ ನಾಲ್ಕು ಮಾತು ಕೇಳಿ. ಡೇರೆ ಕಿತ್ತರೆ ನೆಲದ ಮೇಲೆ ಏನು ಉಳಿಯುತ್ತದೆ? ಸ್ನಾನದ ಮನೆಯ ನೀರು ಎಲ್ಲಿಗೆ ಹರಿಯುತ್ತದೆ, ಹೊಳೆಗೋ? ಕತ್ತಲಾದ ಮೇಲೆ ಧ್ವನಿವರ್ಧಕ ಹಚ್ಚುತ್ತೀರಾ? ಬೆಳಿಗ್ಗೆ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಹುಡುಗ ಯಾವ ಊರಿನವನು? ಉತ್ತರ ಕೊಡುವವರು ತಡವರಿಸಿದರೆ ಹಣ ಕಳಿಸಬೇಡಿ. ಏಕೆ ಕಳಿಸಲಿಲ್ಲವೆಂಬುದನ್ನು ಪತ್ರದಲ್ಲಿ ಬರೆದು ತಿಳಿಸಿ, ಅದರ ಒಂದು ಪ್ರತಿ ಆ ಊರಿನ ಗ್ರಾಮ ಪಂಚಾಯಿತಿಗೂ ಹೋಗಲಿ.