ಸೆರೆಮನೆಯಲ್ಲಿ ಕ್ರಿಸ್ತಜಯಂತಿ

ಡಿಸೆಂಬರ್ 25ರಂದು ಕ್ರಿಸ್ತಜಯಂತಿಯೆಂಬುದನ್ನು ಅರಿಯದ ಪಟ್ಟಣಿಗನಿಲ್ಲ. ಆದರೆ ಅದಕ್ಕೆ ಮುಂಚಿನ ನಾಲ್ಕು ಭಾನುವಾರಗಳನ್ನೊಳಗೊಂಡ ಅವಧಿಯನ್ನು ಕ್ರೈಸ್ತರು ಆಗಮನಕಾಲವೆಂದು ಕರೆಯುವರೆಂಬುದೂ, ಅದು ಸಂಭ್ರಮದ ಕಾಲವಾಗಿರದೆ ಕಾಯುವಿಕೆಯ ಕಾಲವೆಂಬುದೂ ಇತರರಿಗೆ ಅಷ್ಟಾಗಿ ತಿಳಿದಿಲ್ಲ. ಕಥೋಲಿಕ ದೇವಾಲಯಗಳಲ್ಲಿ ಈ ದಿನಗಳಂದು ಗುರುಗಳು ಉಡುವ ವಸ್ತ್ರದ ಬಣ್ಣವು ಊದಾ. ಅದು ಪಶ್ಚಾತ್ತಾಪದ ಗುರುತು. ಅಂಗಡಿಬೀದಿಗಳಿಗಾದರೋ ಕಾಯುವಷ್ಟು ವ್ಯವಧಾನವಿಲ್ಲ. ಆಗಮನಕಾಲವು ಮೊದಲಾಗುವ ಹೊತ್ತಿಗೇ ನಕ್ಷತ್ರದೀಪಗಳು ತೂಗಾಡತೊಡಗಿ, ಕೇಕುಗಳ ಮಾರಾಟವು ಭರದಿಂದ ಸಾಗಿರುತ್ತದೆ. ಇದಕ್ಕಾಗಿ ನಾವು ಯಾರನ್ನೂ ದೂಷಿಸಲಾರೆವು. ದೀಪಾವಳಿಯನ್ನು ಪಟಾಕಿಯ ಮಳಿಗೆಗೆ ಒಪ್ಪಿಸಿಕೊಟ್ಟವರು ನಾವೇ ಅಲ್ಲವೆ?

ಈ ಕಾಲದ ತಿರುಳನ್ನು ಅರಿಯಬಯಸುವವರು ಬೀದಿಯ ದೀಪಗಳನ್ನು ಬಿಟ್ಟು, ಎರಡನೆಯ ಮಹಾಯುದ್ಧದ ಕಾಲದ ಬರ್ಲಿನ್ ನಗರದ ಟೇಗೆಲ್ ಸೆರೆಮನೆಯ ಕಡೆಗೆ ದೃಷ್ಟಿ ಹಾಯಿಸಬೇಕೆಂದು ನಮ್ಮ ಅಭಿಪ್ರಾಯ. 1943ನೆಯ ಇಸವಿಯ ಏಪ್ರಿಲ್ ತಿಂಗಳಿನಿಂದ ಅಲ್ಲಿ ಡೀಟ್ರಿಕ್ ಬಾನ್‌ಹಾಫರ್ ಎಂಬ ಲೂಥರನ್ ಪಂಥದ ಪಾದ್ರಿಗಳು ಬಂಧಿತರಾಗಿದ್ದರು. ಇವರ ಹೆಸರು ಭಾರತೀಯರಿಗೆ ಪರಕೀಯವಾಗಬೇಕಾದುದಿಲ್ಲ. ಅಹಿಂಸೆಯ ಪ್ರತಿಭಟನೆಯನ್ನು ಕಣ್ಣಾರೆ ಕಂಡು ಕಲಿಯಬೇಕೆಂಬ ಹಂಬಲದಿಂದ ಅವರು 1934ರಲ್ಲಿ ಮಹಾತ್ಮಾ ಗಾಂಧಿಯವರೊಡನೆ ಪತ್ರವ್ಯವಹಾರ ನಡೆಸಿದ್ದರು. ತಾವು ಬರುವ ವೇಳೆಗೆ ನಾನು ಸೆರೆಮನೆಯ ಹೊರಗಿದ್ದು ಒಂದೆಡೆ ನೆಲೆಸಿದ್ದರೆ ನನ್ನೊಡನೆಯೇ ಇರಬಹುದು ಎಂಬ ಅರ್ಥದ ಆಹ್ವಾನವನ್ನು ಮಹಾತ್ಮರು ಅದೇ ವರ್ಷದ ನವೆಂಬರ್ 1ರಂದು ಬರೆದು ಕಳುಹಿಸಿದರು. ಸ್ವದೇಶದ ಸಭೆಯ ಕರೆಯು ಅಡ್ಡಬಂದುದರಿಂದ ಆ ಯಾತ್ರೆ ನಡೆಯಲಿಲ್ಲ. ಒಂಬತ್ತು ವರ್ಷಗಳ ತರುವಾಯ ಸೆರೆಮನೆಯನ್ನು ಕಂಡವರು ಅತಿಥಿಯಾಗಬೇಕಾಗಿದ್ದವರೇ.

1943ರ ನವೆಂಬರಿನಲ್ಲಿ ಬಾನ್‌ಹಾಫರರು ತಮ್ಮ ಸ್ನೇಹಿತರಿಗೆ ಬರೆದ ಒಂದು ಕಾಗದದಲ್ಲಿ ಸೆರೆಕೋಣೆಯ ಬಾಳನ್ನು ಆಗಮನಕಾಲಕ್ಕೆ ಹೋಲಿಸಿದ್ದಾರೆ. ಕೈದಿಯು ಆಶಿಸುತ್ತಾನೆ, ಕಾಯುತ್ತಾನೆ, ಅದನ್ನೂ ಇದನ್ನೂ ಮಾಡಿ ಹೊತ್ತು ಕಳೆಯುತ್ತಾನೆ. ಬಾಗಿಲು ಮಾತ್ರ ಮುಚ್ಚಿದೆ, ಅದು ತೆರೆಯಬೇಕಾದುದು ಹೊರಗಿನಿಂದ. ಅದೇ ಡಿಸೆಂಬರಿನಲ್ಲಿ ತಾಯಿತಂದೆಗಳಿಗೆ ಬರೆಯುತ್ತ, ಛತ್ರದಲ್ಲಿ ಸ್ಥಳ ದೊರೆಯದುದರಿಂದ ಕ್ರಿಸ್ತನು ದನದ ಕೊಟ್ಟಿಗೆಯಲ್ಲಿ ಹುಟ್ಟಿದನೆಂಬ ವೃತ್ತಾಂತವು ಕೈದಿಗೆ ಅರ್ಥವಾಗುವಷ್ಟು ಮತ್ತೊಬ್ಬರಿಗೆ ಅರ್ಥವಾಗುವುದು ಕಷ್ಟವೆಂಬ ಭಾವವನ್ನು ವ್ಯಕ್ತಪಡಿಸಿದರು. ಜನರು ಮುಖ ತಿರುಗಿಸುವ ಎಡೆಗೇ ದೇವರು ಮುಖಮಾಡುವನೆಂಬುದು ಅವರ ನಂಬಿಕೆಯಾಗಿತ್ತು.

ಹೊರಗಿನಿಂದ ಬಾಗಿಲು ತೆರೆಯಲೆಂದು ಕುಳಿತಿರುವುದು ಆಲಸ್ಯದ ಉಪದೇಶವಲ್ಲವೆ ಎಂದು ವಾಚಕರಲ್ಲಿ ಕೆಲವರು ಆಕ್ಷೇಪಿಸಬಹುದು. ಜರ್ಮನಿಯ ಎಷ್ಟೋ ದೇವಾಲಯಗಳು ಆ ವರ್ಷಗಳಲ್ಲಿ ಸುಮ್ಮನೆ ಕುಳಿತಿದ್ದುವೆಂಬುದೂ, ಕೆಲವು ಹಿಟ್ಲರನಿಗೆ ಮಂಗಳ ಹಾಡಿದುವೆಂಬುದೂ ಸುಳ್ಳಲ್ಲ. ಆದರೆ ಬಾನ್‌ಹಾಫರರು ಸೆರೆಮನೆಯನ್ನು ಸೇರಿದುದು ಸುಮ್ಮನಿದ್ದುದಕ್ಕಲ್ಲ. ಹಿಟ್ಲರನು ಅಧಿಕಾರಕ್ಕೇರಿದ 1933ರಲ್ಲೇ, ಲಂಡನ್ನಿನ ಜರ್ಮನ್ ಸಭೆಯಲ್ಲಿ ಆಗಮನಕಾಲದ ಮೂರನೆಯ ಭಾನುವಾರ ಅವರು ಮರಿಯಳ ಸ್ತುತಿಗೀತೆಯನ್ನು ಕುರಿತು ಉಪದೇಶ ಮಾಡಿದರು. ಬಲಿಷ್ಠರನ್ನು ಸಿಂಹಾಸನದಿಂದ ಕೆಳಗಿಳಿಸಿ ದೀನರನ್ನು ಮೇಲೆತ್ತುವ ದೇವರನ್ನು ಈ ಗೀತೆ ಸ್ತುತಿಸುತ್ತದೆ. ಚಿತ್ರಪಟಗಳ ಸೌಮ್ಯ ಮರಿಯಳಲ್ಲ ಇದನ್ನು ಹಾಡಿದವಳು ಎಂಬುದನ್ನು ಅವರು ಅಂದು ತೋರಿಸಿಕೊಟ್ಟರು. ಲೂಕನ ಸುವಾರ್ತೆಯನ್ನು ಓದಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಚಕ್ರವರ್ತಿ ಔಗುಸ್ತನ ಜನಗಣತಿಯ ಆಜ್ಞೆ, ಆ ಆಜ್ಞೆಗಾಗಿ ತುಂಬು ಗರ್ಭಿಣಿಯು ಬೆತ್ಲೆಹೇಮಿಗೆ ಮಾಡಿದ ಪ್ರಯಾಣ ಇವುಗಳಿಂದ ಅಲ್ಲಿ ಜನನದ ಕಥೆ ಮೊದಲಾಗುತ್ತದೆ. ಪಟ್ಟಿಯಲ್ಲಿ ಹೆಸರೇರಿತೋ ಇಲ್ಲವೋ ಎಂಬುದಷ್ಟೇ ಗುಮಾಸ್ತನ ಚಿಂತೆ. ಹುಟ್ಟಿದವನಾರೆಂಬುದು ಯಾವ ದಫ್ತರದ ಲಕ್ಷ್ಯಕ್ಕೂ ಬರಲಿಲ್ಲ. ಮತ್ತಾಯನ ಸುವಾರ್ತೆಯಲ್ಲಿ ಲಕ್ಷ್ಯವಿಟ್ಟ ಅಧಿಕಾರಿ ಹೆರೋದನೊಬ್ಬನೇ. ಅವನು ಕೂಸುಗಳನ್ನು ಕೊಲ್ಲಿಸಿದನು.

ನಾಟ್ಸಿ ಸರಕಾರವು ಕ್ರಿಸ್ತಜಯಂತಿಯನ್ನು ನಿಷೇಧಿಸಲಿಲ್ಲವೆಂಬುದನ್ನು ಇಲ್ಲಿ ಗಮನಿಸತಕ್ಕದ್ದು. ಗಿಡಕ್ಕೆ ದೀಪ ಹಚ್ಚಲು, ಮಕ್ಕಳಿಗೆ ಉಡುಗೊರೆ ಹಂಚಲು, ಹಾಡಲು ಧಾರಾಳವಾಗಿ ಅನುಮತಿಯಿತ್ತು. ಆದರೆ ಪಕ್ಷದ ಪ್ರಚಾರಕರು ಅದನ್ನು ಜರ್ಮನ್ ಕುಲದ ಪ್ರಾಚೀನ ಸಂಕ್ರಮಣದ ಹಬ್ಬವೆಂದು ಬೋಧಿಸಿ, ಹಳೆಯ ಭಕ್ತಿಗೀತೆಗಳ ಪದಗಳನ್ನು ಬದಲಿಸಿ, ನಡುವಿನಿಂದ ಆ ಕೂಸನ್ನು ಎತ್ತಿಬಿಡಲು ಯತ್ನಿಸಿದರು. ಆ ಕೂಸು ಯೆಹೂದ್ಯ ತಾಯಿಯ ಮಗನಾಗಿದ್ದುದೇ ಅವರಿಗೆ ನುಂಗಲಾರದ ತುತ್ತಾಗಿತ್ತು. ಹಬ್ಬವನ್ನು ನಿಲ್ಲಿಸುವ ದೊರೆಯನ್ನು ಜನರು ಕೂಡಲೇ ಗುರುತಿಸುತ್ತಾರೆ. ಹಬ್ಬವನ್ನು ಉಳಿಸಿ ಅದರ ಅರ್ಥವನ್ನು ಅಪಹರಿಸುವವನನ್ನು ಗುರುತಿಸಲು ಆಲ್ಫ್ರೆಡ್ ಡೆಲ್ಪರಂಥವರು ಬೇಕು.

ಡೆಲ್ಪರು ಯೇಸುಸಭೆಯ ಕಥೋಲಿಕ ಗುರುಗಳು. ಮ್ಯೂನಿಕ್ ನಗರದ ಒಂದು ದೇವಾಲಯದಲ್ಲಿದ್ದವರು. ಹಿಟ್ಲರನ ಕೊಲೆಯ ಯತ್ನವು ವಿಫಲವಾದ ಎಂಟು ದಿನಗಳಲ್ಲಿ, 1944ರ ಜುಲೈ 28ರಂದು, ಪ್ರಾತಃಕಾಲದ ಪೂಜೆ ಮುಗಿಸಿದ ಅವರನ್ನು ಪೊಲೀಸರು ಹಿಡಿದರು. ಆ ಡಿಸೆಂಬರಿನಲ್ಲಿ ಅವರು ಟೇಗೆಲ್‌ನಲ್ಲಿದ್ದರು. ಬಾನ್‌ಹಾಫರರನ್ನು ಅಕ್ಟೋಬರಿನಲ್ಲೇ ಬೇರೆಡೆಗೆ ಸಾಗಿಸಲಾಗಿತ್ತು. ಬೇಡಿಬಿದ್ದ ಕೈಗಳಿಂದ ಚೂರು ಕಾಗದಗಳ ಮೇಲೆ ಡೆಲ್ಪರು ಆಗಮನಕಾಲದ ಚಿಂತನೆಗಳನ್ನು ಬರೆದರು. ಒಗೆಯಲು ಕೊಟ್ಟ ಬಟ್ಟೆಯೊಳಗೆ ಅಡಗಿ ಆ ಚೂರುಗಳು ಸೆರೆಮನೆಯನ್ನು ದಾಟಿದುವು. ಈ ಕಾಲವು ಮನುಷ್ಯನನ್ನು ಅಲುಗಾಡಿಸಿ ಎಬ್ಬಿಸುವುದಕ್ಕಾಗಿಯೇ ಇರುವುದು, ಅಲುಗದವನಿಗೆ ಹಬ್ಬವಿಲ್ಲ ಎಂಬುದು ಅವುಗಳ ಸಾರಾಂಶ. ಆ ಸಮಯದಲ್ಲಿ ಬರ್ಲಿನ್ನಿನ ಮೇಲೆ ಬಾಂಬುಗಳು ಬೀಳುತ್ತಿದ್ದುವು. ಅಲುಗಾಟವೆಂಬುದು ಅವರಿಗೆ ಬರಿಯ ಉಪಮೆಯಾಗಿರಲಿಲ್ಲ.

1945ರ ಜನವರಿಯಲ್ಲಿ ಫ್ರೈಸ್ಲರನೆಂಬವನ ಅಧ್ಯಕ್ಷತೆಯ "ಜನತಾ ನ್ಯಾಯಾಲಯ"ದ ಮುಂದೆ ವಿಚಾರಣೆ ನಡೆಯಿತು. ಕೊಲೆಯ ಸಂಚಿನಲ್ಲಿ ಡೆಲ್ಪರ ಕೈವಾಡವು ಸಿದ್ಧಪಡಲಿಲ್ಲ. ಮೋಲ್ಟ್‌ಕೆ ಮಹಾಶಯರ ಕ್ರೈಸೌ ಜಮೀನಿನಲ್ಲಿ ಕೂಡುತ್ತಿದ್ದ ಗೆಳೆಯರ ಬಳಗವೊಂದು, ಹಿಟ್ಲರನ ತರುವಾಯ ಜರ್ಮನಿಯು ಹೇಗಿರಬೇಕು, ಕೂಲಿಕಾರನಿಗೆ ನ್ಯಾಯ ಹೇಗೆ ದೊರೆಯಬೇಕು ಎಂದು ಚರ್ಚಿಸಿತ್ತು. ಡೆಲ್ಪರು ಅದರಲ್ಲಿ ಸೇರಿದ್ದರು. ಅಪರಾಧವೆಂದರೆ ಇಷ್ಟೇ. ತಾವು ಕೂಡಿ ಆಲೋಚಿಸಿದುದಕ್ಕಾಗಿ ಗಲ್ಲಿಗೇರುತ್ತಿರುವೆವೆಂಬ ಭಾವದಲ್ಲಿ ಮೋಲ್ಟ್‌ಕೆ ತಮ್ಮ ಪತ್ನಿಗೆ ಬರೆದರು. ಬರಲಿರುವ ದಿನವನ್ನು ನಿರೀಕ್ಷಿಸುವುದೇ ರಾಜದ್ರೋಹವಾದ ಮೇಲೆ, ಆಗಮನಕಾಲವನ್ನು ಮನಸಾರೆ ಆಚರಿಸುವವರೆಲ್ಲರೂ ಅಪರಾಧಿಗಳೇ ಸರಿ! ರಾಜದ್ರೋಹದ ಮೊಕದ್ದಮೆಗಳು ನಮ್ಮ ದೇಶಕ್ಕೂ ಹೊಸತಲ್ಲ. 1922ರಲ್ಲಿ ಅಹಮದಾಬಾದಿನಲ್ಲಿ ಮಹಾತ್ಮರಿಗೆ ಆರು ವರ್ಷಗಳ ಶಿಕ್ಷೆ ವಿಧಿಸಿದ ಆಂಗ್ಲ ನ್ಯಾಯಾಧೀಶನು ಮಾತಿನಲ್ಲಾದರೂ ಗೌರವ ತೋರಿದ್ದನು. ಫ್ರೈಸ್ಲರನು ಆರೋಪಿಗಳ ಮೇಲೆ ಕೂಗಾಡುತ್ತಿದ್ದನು. ಆದರೆ ಅವನ ಕಚೇರಿಯಲ್ಲಿಯೂ ನಿಲುವಂಗಿ ತೊಟ್ಟ ನ್ಯಾಯಾಧಿಪತಿಗಳಿದ್ದರು, ದಾಖಲೆ ಬರೆಯುವವರಿದ್ದರು, ತೀರ್ಪಿಗೆ ರುಜುವಿತ್ತು, ಮೊಹರಿತ್ತು. ಕಡತವು ಕ್ರಮಬದ್ಧವಾಗಿದೆಯೆಂಬುದರಿಂದಲೇ ಸಮಾಧಾನ ಹೊಂದುವ ಅಭ್ಯಾಸವು ನಮ್ಮ ಅಧಿಕಾರಿವರ್ಗದಲ್ಲಿಯೂ ಇಲ್ಲದಿಲ್ಲವಾದುದರಿಂದ ಈ ಮಾತನ್ನು ಎತ್ತಿದೆವು.

ಯೇಸುಸಭೆಯನ್ನು ತ್ಯಜಿಸಿದರೆ ಬಿಡುಗಡೆಯೆಂಬ ಆಮಿಷವನ್ನು ಡೆಲ್ಪರಿಗೆ ಒಡ್ಡಲಾಗಿತ್ತು. ಅವರು ಅದಕ್ಕೆ ಮಣಿಯದೆ, ಆ ಆಗಮನಕಾಲದಲ್ಲೇ, ಡಿಸೆಂಬರ್ 8ರಂದು, ಸೆರೆಯೊಳಗೆ ಅದೇ ಸಭೆಯ ಅಂತಿಮ ವ್ರತಗಳನ್ನು ಸ್ವೀಕರಿಸಿದರು. ಬಾನ್‌ಹಾಫರರ ವಧೆಯು 1945ರ ಏಪ್ರಿಲ್ 9ರಂದು, ಯುದ್ಧವು ಮುಗಿಯಲು ಒಂದು ತಿಂಗಳಿರುವಾಗ, ಫ್ಲಾಸೆನ್‌ಬ್ಯುರ್ಗ್ ಬಂದೀಶಿಬಿರದಲ್ಲಿ ನಡೆಯಿತು. ಡೆಲ್ಪರನ್ನು ಅದಕ್ಕೆ ಮುಂಚೆಯೇ, ಫೆಬ್ರವರಿ 2ರಂದು, ಪ್ಲ್ಯೋಟ್ಸೆನ್‌ಜೇ ಸೆರೆಮನೆಯಲ್ಲಿ ನೇಣಿಗೆ ಹಾಕಿದರು. ಮರುದಿನದ ವಿಮಾನದಾಳಿಯಲ್ಲಿ ಫ್ರೈಸ್ಲರನೂ ಸತ್ತನು. ಕಥೋಲಿಕರ ಪಂಚಾಂಗದಲ್ಲಿ ಫೆಬ್ರವರಿ 2, ಮರಿಯಳು ಕೂಸನ್ನು ದೇವಾಲಯಕ್ಕೆ ತಂದ ದಿನ. ರಕ್ಷಕನನ್ನು ಕಾಣುವೆನೆಂದು ಕಾದಿದ್ದ ಸಿಮೆಯೋನನೆಂಬ ಭಕ್ತನು ಅಂದು ಆ ಕೂಸನ್ನು ತನ್ನ ಕೈಗಳಲ್ಲಿ ಎತ್ತಿಕೊಂಡನೆಂದು ಲೂಕನು ಬರೆದಿದ್ದಾನೆ.