ಕಮೋಡೋರೂ ನಮ್ಮ ನೀರುಗಂಟಿಯೂ

ಕೆಂಚಾರ್ಲಹಳ್ಳಿಯಲ್ಲಿ ನಿಂತು ಯಾಟ್ ಕ್ಲಬ್ಬಿನ ಮಾತೆತ್ತಿದರೆ ಜನ ನಗುತ್ತಾರೆ. ನಗಲಿ ಬಿಡಿ. ವರ್ಷಪೂರ್ತಿ ಹರಿಯುವ ಹೊಳೆ ಒಂದೂ ಇಲ್ಲದ ಸೀಮೆ ನಮ್ಮದು.

ಆದರೂ ಹಾಯಿದೋಣಿ ನೋಡೋಕೆ ಬೊಂಬಾಯಿಗೇ ಹೋಗಬೇಕೆಂದಿಲ್ಲ. ಬೆಂಗಳೂರಿನ ಹಲಸೂರು ಕೆರೆ ಸಾಕು. ಮದ್ರಾಸ್ ಸ್ಯಾಪರ್ಸ್, ಅಂದರೆ ಎಂ.ಇ.ಜಿ.ಯ ಸೈನಿಕರು ಅಲ್ಲಿ ಹಾಯಿ ಬಿಚ್ಚಿ ಅಭ್ಯಾಸ ಮಾಡುತ್ತಾ ಬಂದವರು. ಸೇನೆಯ ಎಂಜಿನಿಯರ್ ದಳದವರು 1985ರಲ್ಲಿ ಬೊಂಬಾಯಿಯಿಂದ ಹಾಯಿದೋಣಿಯಲ್ಲಿ ಹೊರಟು, ಭೂಮಿ ಸುತ್ತಿ, 1987ರ ಜನವರಿಯಲ್ಲಿ ಮರಳಿ ಬೊಂಬಾಯಿ ಮುಟ್ಟಿದರು. ದೋಣಿಯ ಹೆಸರು 'ತೃಷ್ಣಾ'. ಅಂದರೆ ಬಾಯಾರಿಕೆ! ಆ ಹೆಸರು ನಮ್ಮ ಚಿಂತಾಮಣಿ ತಾಲ್ಲೂಕಿಗೆ ಇಟ್ಟಿದ್ದರೆ ಇನ್ನೂ ಒಪ್ಪುತ್ತಿತ್ತು.

ಈ ಕ್ಲಬ್ಬುಗಳ ವಂಶಾವಳಿ ಹಳೆಯದು. ಐರ್ಲೆಂಡಿನ ಕಾರ್ಕ್‌ನವರು ತಮ್ಮದು 1720ರದ್ದು ಅನ್ನುತ್ತಾರೆ. ಬೊಂಬಾಯಿಯದು 1846, ಮದ್ರಾಸಿನದು 1911. ಅಧ್ಯಕ್ಷನಿಗೆ ಕಮೋಡೋರ್ ಅನ್ನಬೇಕು, ಕೈಕೆಳಗೆ ವೈಸ್ ಕಮೋಡೋರ್, ರಿಯರ್ ಕಮೋಡೋರ್. ಕ್ಲಬ್ಬಿಗೊಂದು ಪುಟ್ಟ ಬಾವುಟ. ಎಲ್ಲಕ್ಕೂ ಪುಸ್ತಕ, ಎಲ್ಲಕ್ಕೂ ರೂಲು. ಬ್ರಿಟಿಷರ ಕಾಲದಲ್ಲಿ ಬೊಂಬಾಯಿ ಕ್ಲಬ್ಬಿನ ಬಾಗಿಲು ನಮ್ಮವರಿಗೆ ಮುಚ್ಚಿತ್ತು. ಗವರ್ನರ್ ವಿಲಿಂಗ್ಡನ್ ಕರೆದ ಭಾರತೀಯ ಅತಿಥಿಗಳನ್ನೇ ಹೊರಗೆ ನಿಲ್ಲಿಸಿದ್ದರಂತೆ.

ನಮ್ಮಲ್ಲೂ ಕಮೋಡೋರ್ ಇದ್ದ ಸ್ವಾಮಿ. ನೀರುಗಂಟಿ. ತೂಬು ಎತ್ತುವವನು ಅವನು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹೇಳುವವನು ಅವನು, ಮಳೆಗಾಲದ ರಾತ್ರಿ ಲಾಟೀನು ಹಿಡಿದು ಕಟ್ಟೆ ಮೇಲೆ ತಿರುಗುವವನೂ ಅವನೇ. ಸುಗ್ಗಿಗೆ ಕಣದಲ್ಲಿ ಅವನ ಪಾಲಿನ ಧಾನ್ಯ ಅಳೆಯುತ್ತಿದ್ದರು. ಬಹಳ ಕಡೆ ಆತ ದಲಿತ ಕೇರಿಯವನು. ಮನೆಯೊಳಗೆ ಬಿಟ್ಟುಕೊಳ್ಳದ ಊರು, ನೀರಿನ ಅಳತೆಗೆ ಮಾತ್ರ ಅವನನ್ನೇ ನಂಬಿತ್ತು. ಬೊಂಬಾಯಿಯ ಬಾಗಿಲನ್ನು ಬೈಯುವ ಮುಂಚೆ ಇದನ್ನೂ ನೆನೆಯಬೇಕು. ಬೋರ್‌ವೆಲ್ಲು ಬಂತು, ಅಚ್ಚುಕಟ್ಟು ಯಾರಿಗೂ ಬೇಡವಾಯಿತು, ನೀರುಗಂಟಿ ಕೂಲಿಗೆ ಹೋದ. 2021ರ ನವೆಂಬರ್ ಮಳೆಗೆ ಜಿಲ್ಲೆಯ ಕೆರೆಗಳು ಕೋಡಿ ಹರಿದಾಗ ತೂಬಿನ ಮರ್ಮ ಬಲ್ಲವರನ್ನು ಹುಡುಕಬೇಕಾಯಿತು.

ಈಗ ಹೆಬ್ಬಾಳ-ನಾಗವಾರ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧಿ ಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಿದ್ದಾರೆ. ಮೂರನೇ ಹಂತವೂ ಆಗಲಿ ಎಂದು ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ಗಂಟಲು ಹರಿದುಕೊಂಡಿದ್ದಾರೆ. ಕೆರೆ ತುಂಬಿದ ಮೇಲೆ 'ಬೋಟಿಂಗ್ ಮಾಡೋಣ' ಅನ್ನುವ ಉತ್ಸಾಹಿಗಳೂ ಎದ್ದೇ ಏಳುತ್ತಾರೆ. ಮಾಡಲಿ, ಬೇಡ ಅನ್ನೋಲ್ಲ. ಆದರೆ ಹಾಯಿದೋಣಿ ತೇಲುವ ಅದೇ ಹಲಸೂರು ಕೆರೆಯಲ್ಲಿ 2016ರ ಮಾರ್ಚಿನಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ದೋಣಿಗೆ ಬಾವುಟವಿತ್ತು, ಕೊಳಚೆ ನುಗ್ಗುವ ಕಾಲುವೆಗೆ ಕಾವಲು ಸಾಲದಾಯಿತು.

ಪಂಚಾಯ್ತಿಯವರೇ, ದೋಣಿಯ ಮಾತು ಆಮೇಲೆ. ಮೊದಲು ಕೆರೆಗೊಬ್ಬ ನೀರುಗಂಟಿಯನ್ನು ಹಾಕಿ, ತಿಂಗಳ ಸಂಬಳ ಕೊಟ್ಟು. ರಾಜಕಾಲುವೆಯ ಒತ್ತುವರಿ ಅಳೆಸಿ. ಕೆರೆ ನೀರಿನ ಪರೀಕ್ಷೆಯ ವರದಿಯನ್ನು ತಿಂಗಳಿಗೊಮ್ಮೆ ಆಫೀಸಿನ ಬೋರ್ಡಿಗೆ ಅಂಟಿಸಿ, ಎಲ್ಲರಿಗೂ ಓದೋಕೆ ಬರೋ ಹಾಗೆ ಕನ್ನಡದಲ್ಲಿ.