ಗೃಹರಕ್ಷಣೆಯೂ ಕೋವಿಯೂ

ಮನೆ ಕಟ್ಟುವುದು ಕಷ್ಟ. ಕಟ್ಟಿದ ಮನೆಯನ್ನು ಕಾಯುವುದು ಅದಕ್ಕಿಂತಲೂ ಕಷ್ಟವೆಂಬುದನ್ನು ಗೃಹಸ್ಥರೆಲ್ಲರೂ ಬಲ್ಲರು. ಚನ್ನಪಟ್ಟಣದ ನೆರೆಯ ದೊಡ್ಡಮಳೂರನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಅಪ್ರಮೇಯಸ್ವಾಮಿಯ ದೇವಾಲಯದ ಸುತ್ತಲಿನ ಬೀದಿಗಳಲ್ಲಿ ಒಬ್ಬರು ಕೂಗಿದರೆ ಹತ್ತು ಮಂದಿ ಓಡಿಬರುವರು. ಆದರೆ ಊರಿಂದಾಚೆ ತೆಂಗಿನ ತೋಟಗಳ ನಡುವೆ ಒಂಟಿಯಾಗಿರುವ ಮನೆಗಳ ಸ್ಥಿತಿಯೇ ಬೇರೆ. ಮಕ್ಕಳು ಬೆಂಗಳೂರಿನಲ್ಲಿ ಉದ್ಯೋಗಸ್ಥರಾಗಿ, ಮನೆಯಲ್ಲಿ ವಯಸ್ಸಾದ ದಂಪತಿಗಳಿಬ್ಬರೇ ಉಳಿದಿರುವಾಗ, ನಡುರಾತ್ರಿ ನಾಯಿ ಬೊಗಳಿದರೆ ಎದೆ ನಡುಗುವುದು ಸಹಜ. ಆಗ ‘ಮನೆಯಲ್ಲೊಂದು ಕೋವಿಯಿದ್ದರೆ ಲೇಸಲ್ಲವೆ?’ ಎಂಬ ವಿಚಾರವೂ ಏಳುವುದು. ಈ ತಿಂಗಳು ನಾವು ಆ ಪ್ರಶ್ನೆಯನ್ನೇ ವಿಚಾರಕ್ಕೆ ಎತ್ತಿಕೊಂಡಿದ್ದೇವೆ.

ಮೊದಲು ಒಂದು ಮಾತು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯನ್ನು ಎಲ್ಲರೂ ಕೇಳಿದ್ದಾರೆ. ಕೋವಿಯು ಬಾಗಿಲಿಗೆ ಬದಲಿಯಲ್ಲ. ಹಿತ್ತಿಲ ಬಾಗಿಲಿಗೆ ಒಳ್ಳೆಯ ಅಗುಳಿ, ಕಿಟಕಿಗೆ ಭದ್ರವಾದ ಸರಳು, ಅಂಗಳದಲ್ಲಿ ರಾತ್ರಿಯೆಲ್ಲ ಉರಿಯುವ ದೀಪ, ಎಚ್ಚರದ ನಾಯಿ, ಕೂಗಿಗೆ ಓಗೊಡುವ ನೆರೆಯವರು, ತಲೆದಿಂಬಿನ ಬಳಿಯಲ್ಲಿ ದೂರವಾಣಿ, ಪೋಲೀಸರ 112ರ ಸಂಖ್ಯೆ, ಇವೆಲ್ಲವೂ ಕೋವಿಗಿಂತ ಮೊದಲು ಬರತಕ್ಕವು. ಕಳ್ಳನನ್ನು ಒಳಕ್ಕೆ ಬರಗೊಡದಿರುವುದು ಬಂದವನೊಡನೆ ಹೋರಾಡುವುದಕ್ಕಿಂತ ನೂರು ಪಾಲು ಮೇಲು. ಇಷ್ಟನ್ನೂ ಮಾಡಿಕೊಂಡ ಬಳಿಕವೂ ಕೋವಿ ಬೇಕೆಂದು ತೋರಿದವರಿಗಾಗಿ ಮುಂದಿನ ಮಾತುಗಳನ್ನು ಬರೆಯುತ್ತೇವೆ.

ನಮ್ಮ ದೇಶದಲ್ಲಿ ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ 1959ರ ಆಯುಧ ಕಾಯಿದೆ ಮತ್ತು 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿ ಪಡೆಯತಕ್ಕದ್ದು. ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳಿಗೂ ಬೆಂಗಳೂರು ನಗರದಲ್ಲಿ ಪೋಲೀಸ್ ಕಮಿಷನರವರಿಗೂ ಅರ್ಜಿ ಹಾಕಿಕೊಳ್ಳಬೇಕು. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಪೋಲೀಸರು ಅವನ ನಡತೆಯನ್ನೂ ಅಗತ್ಯವನ್ನೂ ವಿಚಾರಿಸಿ ವರದಿ ಕೊಡುವರು. ಆಯುಧವನ್ನು ಭದ್ರವಾಗಿಡುವೆನೆಂಬ ಮುಚ್ಚಳಿಕೆಯನ್ನೂ ಬರೆದುಕೊಡಬೇಕಾಗುವುದು. 2019ರ ತಿದ್ದುಪಡಿಯ ತರುವಾಯ ಒಬ್ಬನು ಎರಡಕ್ಕಿಂತ ಹೆಚ್ಚು ಕೋವಿಗಳನ್ನು ಇಟ್ಟುಕೊಳ್ಳುವಂತಿಲ್ಲ. ಅದಕ್ಕೆ ಹಿಂದೆ ಮೂರಕ್ಕೆ ಅವಕಾಶವಿತ್ತು. ಪರವಾನಗಿಯ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ.

ಕೊಡಗಿನವರಿಗೆ ಪರವಾನಗಿ ಬೇಡವಲ್ಲ, ನಮಗೇಕೆ ಬೇಕು ಎಂದು ಕೆಲವರು ಕೇಳುವುದುಂಟು. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಸರಕಾರವು ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ಣಾಟಕದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಅಲ್ಲಿ ಮಗು ಹುಟ್ಟಿದಾಗಲೂ ಹಿರಿಯರು ತೀರಿಕೊಂಡಾಗಲೂ ಕೋವಿ ಹಾರಿಸುವ ಪದ್ಧತಿಯಿದೆ. ಕೈಲ್‌ಪೊಳ್ದಿನಂದು ಕೋವಿಗೆ ಪೂಜೆ ಸಲ್ಲುವುದು. ಹಿರಿಯರಿಂದ ಕಿರಿಯರಿಗೆ ಕೋವಿಯೊಡನೆ ಅದರ ಶಿಸ್ತೂ ಇಳಿದುಬಂದಿದೆ. ನಾವು ಬಯಲುಸೀಮೆಯವರು ಆ ಶಿಸ್ತನ್ನು ಹೊಸದಾಗಿ ಕಲಿಯಬೇಕಾದವರು.

ಇನ್ನು ಯಾವ ಕೋವಿಯೆಂಬ ಪ್ರಶ್ನೆ. ಇದಕ್ಕೆ ಅರ್ಧ ಉತ್ತರವನ್ನು ಕಾಯಿದೆಯೇ ಕೊಟ್ಟಿದೆ. ರಕ್ಷಣೆಗಾಗಿ 20 ಅಂಗುಲಕ್ಕೆ ಕಡಿಮೆಯಿಲ್ಲದ ನಯವಾದ ನಳಿಗೆಯ ಕೋವಿಯನ್ನೂ, ಬೆಳೆಗಾವಲಿಗಾಗಿ ಮುಂದಿನಿಂದ ಮದ್ದು ತುಂಬುವ ಕೇಪಿನ ಕೋವಿಯನ್ನೂ ಕೇಳಿದವನಿಗೆ, ಅಡ್ಡಿಯಾವುದೂ ಇಲ್ಲದಿದ್ದರೆ, ಪರವಾನಗಿ ಕೊಡತಕ್ಕದ್ದೆಂದು ಅದು ಹೇಳುವುದು. ರಿವಾಲ್ವರು, ರೈಫಲುಗಳಿಗಾದರೋ ತಕ್ಕ ಕಾರಣವನ್ನು ತೋರಿಸಿ ಅಧಿಕಾರಿಗಳನ್ನು ಒಪ್ಪಿಸಬೇಕು. ನಮ್ಮ ಅಭಿಪ್ರಾಯವೂ ಕಾಯಿದೆಯ ಒಲವಿನಂತೆಯೇ ಇದೆ. ರೈಫಲಿನ ಗುಂಡು ಮೈಲಿಗಟ್ಟಲೆ ಹೋಗತಕ್ಕದ್ದು. ಊರಿನ ಮಗ್ಗುಲಿನಲ್ಲಿ ಅದು ಸಲ್ಲದು. ಕಾನ್ಪುರದ ಸರಕಾರಿ ಕಾರ್ಖಾನೆಯ .32ರ ರಿವಾಲ್ವರು ಚಿಕ್ಕದು, ಚೊಕ್ಕದು. ಆದರೆ ದೀರ್ಘಾಭ್ಯಾಸವಿಲ್ಲದ ಕೈಗೆ ಗುರಿ ಸಿಕ್ಕುವುದಿಲ್ಲ, ಮಕ್ಕಳ ಕೈಗೆ ಸುಲಭವಾಗಿ ಸಿಕ್ಕುವುದು. ಹನ್ನೆರಡು ಬೋರಿನ ಒಂಟಿನಳಿಗೆಯ ಅಥವಾ ಜೋಡುನಳಿಗೆಯ ತೋಟಾ ಕೋವಿಯೇ ಗೃಹಸ್ಥನಿಗೆ ತಕ್ಕದ್ದು. ಮಡಿಸಿದೊಡನೆ ತೋಟಾ ಇದೆಯೋ ಇಲ್ಲವೋ ಕಣ್ಣಿಗೆ ಕಾಣುವುದೇ ಅದರ ದೊಡ್ಡ ಗುಣ. ಹನ್ನೆರಡು ಬೋರೆಂದರೇನೆಂದು ತಿಳಿಯಬಯಸುವವರಿಗೆ: ನಳಿಗೆಯ ಬಾಯಿಗೆ ಸರಿಹೊಂದುವ ಸೀಸದ ಗುಂಡುಗಳು ಹನ್ನೆರಡು ಸೇರಿದರೆ ಒಂದು ಪೌಂಡು ತೂಗುವುವು, ಬಾಯಿಯ ಅಗಲ ಸುಮಾರು 18.5 ಮಿಲ್ಲಿಮೀಟರು.

ಹೊಸದನ್ನು ಕೊಳ್ಳುವವರಿಗಿಂತ ತಾತನ ಕೋವಿಯನ್ನು ಅಟ್ಟದಿಂದ ಇಳಿಸುವವರೇ ನಮ್ಮಲ್ಲಿ ಹೆಚ್ಚು. ಇಲ್ಲಿ ಎರಡು ಎಚ್ಚರಿಕೆಗಳು. ಒಂದು, ಹಿರಿಯರು ತೀರಿಕೊಂಡ ದಿನದಿಂದ ಅವರ ಪರವಾನಗಿಯು ಮಕ್ಕಳಿಗೆ ತಾನಾಗಿಯೇ ಸಲ್ಲುವುದಿಲ್ಲ. ತಡಮಾಡದೆ ಆಯುಧವನ್ನು ಪೋಲೀಸು ಠಾಣೆಯಲ್ಲಿ ಅಥವಾ ಪರವಾನಗಿಯುಳ್ಳ ವ್ಯಾಪಾರಿಯಲ್ಲಿ ಠೇವಣಿಯಿಟ್ಟು, ವಾರಸುದಾರನು ತನ್ನ ಹೆಸರಿಗೆ ಅರ್ಜಿ ಹಾಕತಕ್ಕದ್ದು. ಪರವಾನಗಿದಾರನಿಗೆ 70 ವರ್ಷ ತುಂಬಿದರೆ, ಅಥವಾ ಆತನು ಕೋವಿಯನ್ನು 25 ವರ್ಷ ಇಟ್ಟುಕೊಂಡಿದ್ದರೆ, ಬದುಕಿರುವಾಗಲೇ ವಾರಸುದಾರನೊಬ್ಬನ ಹೆಸರಿಗೆ ವರ್ಗಾಯಿಸಲು ನಿಯಮದಲ್ಲಿ ಅವಕಾಶವಿದೆ. ಹಿರಿಯರು ಇದನ್ನು ಇದ್ದಾಗಲೇ ಮಾಡಿಟ್ಟರೆ ಮಕ್ಕಳಿಗೆ ಅಲೆದಾಟ ತಪ್ಪುವುದು. ಎರಡು, ಹಳೆಯ ಕೋವಿಗಳಲ್ಲಿ ಕೆಲವು 65 ಮಿಲ್ಲಿಮೀಟರಿನ ತೋಟಾಗಳಿಗೆಂದು ಮಾಡಿದವು. ಈಗ ದೊರೆಯುವ 70 ಮಿಲ್ಲಿಮೀಟರಿನ ತೋಟಾ ಅದರೊಳಕ್ಕೆ ಹೋದರೂ ಹಾರಿಸುವಾಗ ಒತ್ತಡ ಮಿತಿಮೀರಿ ನಳಿಗೆ ಒಡೆಯಬಹುದು. ಹೆಣೆದ ಕಬ್ಬಿಣದ ಡಮಾಸ್ಕಸ್ ನಳಿಗೆಗಳು ಕರಿಮದ್ದಿನ ಕಾಲದವು. ಇಂದಿನ ತೋಟಾ ಅವುಗಳಿಗೆ ಕೂಡದು. ಬಲ್ಲ ಕೋವಿ ಕೆಲಸದವನಿಗೆ ತೋರಿಸದೆ ಹಳೆಯ ಕೋವಿಯನ್ನು ಹಾರಿಸಲೇಬಾರದು.

ಕೋವಿಯನ್ನು ಅಣಿಮಾಡುವ ಕ್ರಮ ಹೀಗೆ. ಮೊದಲು ಬಾಯನ್ನು ಯಾರೂ ಇಲ್ಲದ ದಿಕ್ಕಿಗೆ ತಿರುಗಿಸಿ, ಮಡಿಸಿ, ಒಳಗೆ ತೋಟಾ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಬೇಕು. ನಳಿಗೆಯನ್ನು ಬೆಳಕಿಗೆ ಹಿಡಿದು ತುಕ್ಕು, ತಗ್ಗು, ಕಣಜದ ಗೂಡು ಮೊದಲಾದವು ಇಲ್ಲವೆಂದು ನೋಡಬೇಕು. ಕೋಲಿಗೆ ಬಟ್ಟೆ ಸುತ್ತಿ ಒರೆಸಿ, ಕೋವಿಯ ಎಣ್ಣೆಯನ್ನು ತೆಳುವಾಗಿ ಸವರಬೇಕು. ಮನೆಯಲ್ಲಿ ಹೇರಳವಾಗಿರುವ ಕೊಬ್ಬರಿ ಎಣ್ಣೆಯನ್ನು ಬಳಿಯುವ ರೂಢಿ ನಮ್ಮ ಕಡೆ ಇರುವುದಾದರೆ ಬಿಡಬೇಕು; ಅದು ಚಳಿಗೆ ಹೆಪ್ಪುಗಟ್ಟಿ, ಕಾಲಕ್ರಮದಲ್ಲಿ ಅಂಟಾಗಿ ಬಿಗಿದುಕೊಳ್ಳುವುದು. ಕೇಪಿನ ಕೋವಿಯನ್ನು ಹಾರಿಸಿದ ದಿನವೇ ಬಿಸಿನೀರಿನಿಂದ ತೊಳೆದು ಒಣಗಿಸಿ ಎಣ್ಣೆ ಹಚ್ಚಬೇಕು. ಕರಿಮದ್ದಿನ ಮಸಿ ಕಬ್ಬಿಣವನ್ನು ತಿನ್ನುವುದು. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟರೆ ತೇವ ಹಿಡಿಯುವುದು. ಆಯುಧಪೂಜೆಯಂದು ಕೋವಿಯನ್ನು ಬರಿದುಮಾಡಿ, ಗಂಧ ಕುಂಕುಮಗಳನ್ನು ಮರದ ಭಾಗಕ್ಕೆ ಮಾತ್ರ ಇಟ್ಟು, ಪೂಜೆ ಮುಗಿದೊಡನೆ ಒರೆಸಬೇಕು. ಹಬ್ಬ, ಮದುವೆಗಳಲ್ಲಿ ಸಂತೋಷಕ್ಕಾಗಿ ಗುಂಡು ಹಾರಿಸಿ ಪರರ ಪ್ರಾಣಕ್ಕೆ ಅಪಾಯ ತರುವುದಕ್ಕೆ 2019ರಿಂದೀಚೆಗೆ ಎರಡು ವರ್ಷದವರೆಗಿನ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗಿನ ದಂಡ ಅಥವಾ ಎರಡೂ ಉಂಟು.

ಎಲ್ಲಕ್ಕಿಂತ ಮುಖ್ಯವಾದುದು ಇಡುವ ಸ್ಥಳ. ದೊಡ್ಡಮಳೂರಿನ ಅಂಬೆಗಾಲು ಕೃಷ್ಣನ ಸನ್ನಿಧಿಯಲ್ಲಿ ಮಗುವನ್ನು ಬೇಡಿ ತೊಟ್ಟಿಲ ಹರಕೆ ಹೊರುವ ತಾಯಂದಿರು ಎಷ್ಟೋ ಮಂದಿ. ಹಾಗೆ ಬೇಡಿ ಪಡೆದ ಮಗು ಅಂಬೆಗಾಲಿಕ್ಕುವ ಮನೆಯಲ್ಲಿ ಗೋಡೆಯ ಮೊಳೆಗೆ ತೋಟಾ ತುಂಬಿದ ಕೋವಿ ತೂಗುವುದೆಂದರೆ ಅದಕ್ಕಿಂತ ಅವಿವೇಕ ಬೇರೊಂದಿಲ್ಲ. ಚನ್ನಪಟ್ಟಣದ ಬಣ್ಣದ ಗೊಂಬೆಗಳೊಡನೆ ಬೆಳೆಯುವ ಮಗುವಿಗೆ ಯಾವುದು ಆಟಿಕೆ, ಯಾವುದು ಮೃತ್ಯುವೆಂಬುದು ತಿಳಿಯದು. ಕೋವಿ ಒಂದು ಬೀಗದಲ್ಲಿ, ತೋಟಾಗಳು ಇನ್ನೊಂದು ಬೀಗದಲ್ಲಿ ಇರಬೇಕು. ಬೀಗದ ಕೈಗಳು ಪರವಾನಗಿದಾರನ ಬಳಿಯಲ್ಲಿಯೇ ಇರಬೇಕು. ಹೀಗಿಟ್ಟರೆ ಆಪತ್ತಿನಲ್ಲಿ ತಡವಾಗುವುದಲ್ಲವೆ ಎಂದು ಕೇಳುವರು. ತಡವಾಗುವುದು ನಿಜ. ಆದರೆ ಕಳ್ಳನು ಬರುವುದು ಎಂದೋ ಒಂದು ದಿನ, ಬಾರದೆಯೂ ಹೋಗಬಹುದು. ಮಕ್ಕಳು ಮೊಮ್ಮಕ್ಕಳು ದಿನವೂ ಇರುವರು. ಮನೆಯಲ್ಲಿ ಮನೋವ್ಯಥೆಯಿಂದ ಬಳಲುವವರೋ, ಕುಡಿತದ ಚಟವುಳ್ಳವರೋ, ಸಾಲದಿಂದ ನೊಂದವರೋ ಇದ್ದರೆ ಕೋವಿಯನ್ನು ತರುವ ಯೋಚನೆಯನ್ನೇ ಕೈಬಿಡಬೇಕು. ಕೋವಿಯಿರುವ ಮನೆಗಳಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚೆಂದು ಅಮೆರಿಕದ ವೈದ್ಯರು ಕಂಡುಕೊಂಡಿದ್ದಾರೆ. ಒಂದು ಕ್ಷಣದ ಹತಾಶೆಯನ್ನು ಕೋವಿಯು ಮರಳಿ ಬಾರದ ಹೆಜ್ಜೆಯನ್ನಾಗಿ ಮಾಡಿಬಿಡುವುದು.

ಹಾರಿಸುವ ಹಕ್ಕು ಎಷ್ಟರದು ಎಂಬುದನ್ನೂ ತಿಳಿದಿರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯು ಪ್ರಾಣವನ್ನೂ ಸ್ವತ್ತನ್ನೂ ಕಾಪಾಡಿಕೊಳ್ಳುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ದರೋಡೆ, ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಕನ್ನ ಹಾಕಿ ಮನೆ ಹೊಗುವುದು, ಮನೆಗೆ ಬೆಂಕಿಯಿಡುವುದು ಮುಂತಾದ ಸಂದರ್ಭಗಳಲ್ಲಿ ಆ ಹಕ್ಕು ಎದುರಾಳಿಯ ಪ್ರಾಣದವರೆಗೂ ಹೋಗಬಹುದು. ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡತಕ್ಕದ್ದಲ್ಲ. ಪೋಲೀಸರ ಆಶ್ರಯ ಪಡೆಯಲು ವೇಳೆಯಿದ್ದರೆ ಆ ಹಕ್ಕೇ ಇಲ್ಲ. ಎಳನೀರು ಕದ್ದು ಬೇಲಿ ಹಾರಿ ಓಡುವವನ ಬೆನ್ನಿಗೆ ಗುಂಡಿಟ್ಟವನನ್ನು ಯಾವ ನ್ಯಾಯಾಲಯವೂ ಗೃಹರಕ್ಷಕನೆಂದು ಕರೆಯದು. ಕತ್ತಲಲ್ಲಿ ಅಲುಗಿದ್ದು ಕಳ್ಳನೋ, ಬಹಿರ್ದೆಸೆಗೆ ಎದ್ದ ಮನೆಯವರೋ, ತಡರಾತ್ರಿ ಬಸ್ಸಿಳಿದು ಬಂದ ಮಗನೋ ಎಂದು ದೀಪ ಹಾಕಿ, ಕೂಗಿ ಕೇಳಿ, ಗುರುತಿಸದೆ ಟ್ರಿಗರಿಗೆ ಬೆರಳಿಡತಕ್ಕದ್ದಲ್ಲ. ಬಾಗಿಲ ಹಲಗೆಯನ್ನು ತೂರಿ ಗುಂಡು ಆಚೆಯವರನ್ನು ತಾಗಬಹುದೆಂಬುದನ್ನೂ ಮರೆಯಬಾರದು.

ನಮ್ಮ ಸೀಮೆಯಲ್ಲಿ ಮನುಷ್ಯರಿಗಿಂತ ಮೃಗಗಳ ಭಯವೇ ಹೆಚ್ಚೆನ್ನುವವರುಂಟು. ಚನ್ನಪಟ್ಟಣ, ಕನಕಪುರಗಳ ಹೊಲಗಳಿಗೆ ಕಾಡಾನೆಗಳೂ, ಮಾಗಡಿ, ರಾಮನಗರಗಳ ಕಡೆ ಚಿರತೆಗಳೂ ಬರುವುವು. ಆದರೆ 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಇವೆರಡೂ ಅತ್ಯುನ್ನತ ರಕ್ಷಣೆಗೆ ಸೇರಿದವು. ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಲು ಸದ್ಭಾವದಿಂದ ಮಾಡಿದ್ದಕ್ಕೆ ಮಾತ್ರ ಕ್ಷಮೆಯಿದೆ. ಬಾಳೆ, ರಾಗಿಗಳಿಗಾಗಿ ಗುಂಡಿಟ್ಟರೆ ಅಪರಾಧ. ಹಕ್ಕಿಗುಂಡಿನಿಂದ ಗಾಯಗೊಂಡ ಆನೆಯು ಕೆರಳಿ, ಬೆಳಗ್ಗೆ ದಾರಿಯಲ್ಲಿ ಸಿಕ್ಕ ಬಡವನ ಮೇಲೆ ಬೀಳಬಹುದು. ಆನೆ ಕಂಡಾಗ ಅರಣ್ಯ ಇಲಾಖೆಗೆ ತಿಳಿಸುವುದೇ ದಾರಿ.

ಕೊನೆಯದಾಗಿ ಇನ್ನೊಂದು ಸಂಗತಿ. ಚುನಾವಣೆ ಘೋಷಣೆಯಾದೊಡನೆ ಕೋವಿಗಳನ್ನು ಠಾಣೆಯಲ್ಲಿ ಠೇವಣಿಯಿಡುವಂತೆ ಆಜ್ಞೆ ಬರುವುದು ವಾಡಿಕೆ. ಚನ್ನಪಟ್ಟಣದವರು 2023ರ ಮೇ ತಿಂಗಳಲ್ಲಿ ವಿಧಾನಸಭೆಗೆ, 2024ರ ಏಪ್ರಿಲಿನಲ್ಲಿ ಲೋಕಸಭೆಗೆ, ಅದೇ ನವೆಂಬರಿನಲ್ಲಿ ಉಪಚುನಾವಣೆಗೆ ಮತ ಹಾಕಿದರು. ಎರಡು ವರ್ಷದೊಳಗೆ ಮೂರು ಸಲ! ಅಂಥ ವಾರಗಳಲ್ಲಿ ಮನೆಯನ್ನು ಕಾಯತಕ್ಕವು ಅದೇ ಅಗುಳಿ, ಅದೇ ದೀಪ, ಅದೇ ನಾಯಿ, ಅದೇ ನೆರೆಯವರು.

ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಊರೊಳಗಿನ ಮನೆಯವರಿಗೆ ಕೋವಿ ಬೇಡ. ತೋಟದ ಒಂಟಿ ಮನೆಯವರು, ಕೈ ಕಣ್ಣು ಗಟ್ಟಿಯಾಗಿದ್ದು, ಅಭ್ಯಾಸಕ್ಕೆ ವೇಳೆಯಿದ್ದು, ಎರಡು ಬೀಗಗಳ ಶಿಸ್ತನ್ನು ಒಂದು ದಿನವೂ ತಪ್ಪದೆ ನಡೆಸಬಲ್ಲವರಾದರೆ ಇಟ್ಟುಕೊಳ್ಳಬಹುದು. ಅರ್ಜಿ ಬರೆಯುವ ಮೊದಲು ಮನೆಯ ಹೆಂಗಸರ ಅಭಿಪ್ರಾಯವನ್ನು ಕೇಳತಕ್ಕದ್ದು. ಆ ಆಯುಧದೊಡನೆ ಹಗಲಿರುಳೂ ಒಂದೇ ಸೂರಿನಡಿ ಬಾಳತಕ್ಕವರು ಅವರು. ಒಮ್ಮೆಯೂ ಹಾರದೆ, ತುಕ್ಕೂ ಹಿಡಿಯದೆ, ಮಕ್ಕಳ ಕೈಗೂ ಸಿಕ್ಕದೆ ಒಂದು ತಲೆಮಾರು ಕಳೆದ ಕೋವಿಯೇ ಮನೆಯನ್ನು ಚೆನ್ನಾಗಿ ಕಾಯಿತೆಂದು ನಾವು ಎಣಿಸುತ್ತೇವೆ.